ಹುಲಿಯಪ್ಪನ ಚೀಲದಲ್ಲಿ ಹೂವಿಯ ಸೀಟು

ಬುಧವಾರ ಬೆಳಿಗ್ಗೆ ಮುಕುಂದಯ್ಯ ಮೇಷ್ಟ್ರು ಛತ್ರಿ ಮಡಚುತ್ತ ಜಗಲಿ ಹತ್ತಿ, "ಏನಮ್ಮ ಜಲಜಾ, ಮೈಸೂರಿಗೆ ಯಾವ ಗಾಡಿಗೆ ಹೊರಡ್ತೀರಿ?" ಎಂದು ಕೇಳಿದಾಗ ಜಲಜಳ ಸೊಂಟದಲ್ಲಿ ಮಗು ಇತ್ತು, ಕೈಯಲ್ಲಿ ಕುದಿಸಿ ಆರಿಸಿದ ನೀರಿನ ಲೋಟ ಇತ್ತು. ಸಾಗರದ ನೀರು ತನ್ನ ಹತ್ತು ತಿಂಗಳ ಕೂಸಿಗೆ ಒಗ್ಗುವುದಿಲ್ಲ ಎಂದು ಅವಳು ತೀರ್ಮಾನಿಸಿ ಹತ್ತು ತಿಂಗಳೇ ಆಗಿತ್ತು. ಎರಡು ಸಲ ಕುದಿಸಿ, ಮೂರು ಪದರ ಬಟ್ಟೆಯಲ್ಲಿ ಸೋಸಿ, ಆಮೇಲೂ ಲೋಟವನ್ನು ಬೆಳಕಿಗೆ ಹಿಡಿದು ನೋಡಿಯೇ ಕುಡಿಸುತ್ತಿದ್ದಳು.

"ಮೈಸೂರಿಗಾ? ಯಾಕೆ ಮೇಷ್ಟ್ರೇ?"

"ಯಾಕೆ ಅಂತ ನನ್ನ ಕೇಳಿದ್ರೆ? ನಾಡಿದ್ದು ಶುಕ್ರವಾರ ಇಂಟರ್‌ವ್ಯೂ. ನಮ್ಮ ಮಗಳು ಕಾಮಾಕ್ಷಿಗೆ ಕಾರ್ಡು ಬಂದು ಹನ್ನೆರಡು ದಿನ ಆಯ್ತು. ನಿಮ್ಮ ಹೂವಿಗೆ ಅವಳಿಗಿಂತ ನಲವತ್ತು ಮಾರ್ಕು ಜಾಸ್ತಿ. ಇವಳಿಗೆ ಬಂದ ಮೇಲೆ ಅವಳಿಗೆ ಬರದೆ ಇರ್ತದಾ?"

ಲೋಟದ ನೀರಷ್ಟೂ ಮೇಷ್ಟ್ರ ಪಾದದ ಮೇಲೆ ಹೋಯಿತು.

ಆಗಬಹುದಾದ ಕೆಟ್ಟದ್ದನ್ನೆಲ್ಲ ಮುಂಚಿತವಾಗಿ ಯೋಚಿಸಿಟ್ಟುಕೊಳ್ಳುವ ಜಲಜಳಿಗೆ ಇದೊಂದು ಹೊಳೆದಿರಲಿಲ್ಲ. ಹೂವಿ ಪರೀಕ್ಷೆಯ ದಿನ ಜ್ವರ ಬಂದು ಮಲಗುವುದು, ಅವಳ ನಂಬರು ಇನ್ಯಾರದೋ ಜೊತೆ ಅದಲುಬದಲಾಗುವುದು, ಹಾಸ್ಟೆಲಿನ ಬಾವಿಗೆ ಕಾಲುಜಾರಿ ಬೀಳುವುದು, ಎಲ್ಲವನ್ನೂ ಒಂದೊಂದಾಗಿ ಚಿಂತಿಸಿ ಮುಗಿಸಿದ್ದಳು. ಕಾರ್ಡು ಮೈಸೂರಿನಿಂದ ಹೊರಟು ಮನೆಗೆ ಬಂದು ಸೇರದೆ ಇರಬಹುದು ಎಂಬುದು ಮಾತ್ರ ಅವಳ ಪಟ್ಟಿಯಿಂದ ಬಿಟ್ಟುಹೋಗಿತ್ತು.

ಹೂವಿ ಎಂದರೆ ಹೂವಮ್ಮ, ಜಲಜಳ ನಾದಿನಿ, ಗಂಡ ಸುಬ್ಬಪ್ಪನ ಕೊನೆಯ ತಂಗಿ. ಆ ವರ್ಷ ಸಾಗರದ ಹೈಸ್ಕೂಲಿನಿಂದ ಎಸ್.ಎಸ್.ಎಲ್.ಸಿ. ಕಟ್ಟಿ ಮೊದಲ ದರ್ಜೆಯಲ್ಲಿ ಪಾಸಾಗಿದ್ದಳು. ಗಣಿತದಲ್ಲಿ ನೂರಕ್ಕೆ ತೊಂಬತ್ತಾರು. ಗೇಣಿ ಗದ್ದೆ ಮಾಡಿಕೊಂಡು ಬಂದ ಆ ವಂಶದಲ್ಲಿ ಹೆಣ್ಣೊಬ್ಬಳು ಹೈಸ್ಕೂಲಿನ ಮೆಟ್ಟಿಲು ಹತ್ತಿದ್ದೇ ಮೊದಲು. ಜಲಜ ಬೇರೆ ಕಡೆ ಬೆಳೆದವಳು. ಅವಳ ಅಪ್ಪ ಫಾರೆಸ್ಟ್ ಇಲಾಖೆಯ ಲಾರಿ ಡ್ರೈವರು, ಮೈಸೂರಿಗೆ ವರ್ಗವಾಗಿ ಅಲ್ಲೇ ನೆಲೆ ನಿಂತವರು. ಜಲಜ ಅಲ್ಲಿಯ ಶಾಲೆಯಲ್ಲಿ ಓದಿ, ಕಾಲೇಜಿಗೆ ಸೇರುತ್ತೇನೆ ಎಂದು ಹೊಸ ರಿಬ್ಬನ್ನು ತಂದಿಟ್ಟುಕೊಂಡ ತಿಂಗಳಿಗೇ ಮದುವೆಯಾಗಿ ಸಾಗರಕ್ಕೆ ಬಂದಿದ್ದಳು. ಆ ಮಾತನ್ನು ಅವಳು ಯಾರ ಹತ್ತಿರವೂ ಎತ್ತುತ್ತಿರಲಿಲ್ಲ. ಹೂವಿ ಮೈಸೂರಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಸೈನ್ಸ್ ಪಿ.ಯು.ಸಿ. ಓದಬೇಕು ಎಂದು ಮಾತ್ರ ಹೇಳುತ್ತಿದ್ದಳು, ದಿನಕ್ಕೆ ಹತ್ತು ಸಲ.

ಮಾವ ದುಗ್ಗಪ್ಪ ಅದಕ್ಕೆ ಒಪ್ಪಿದ್ದು ಒಂದು ಷರತ್ತಿನ ಮೇಲೆ. ಆನಂದಪುರದ ಕಡೆಯಿಂದ ಹೂವಿಗೆ ಒಂದು ಸಂಬಂಧ ಕೇಳಿಕೊಂಡು ಬಂದಿತ್ತು. ಒಳ್ಳೆಯ ಜನ, ಸ್ವಂತ ಗದ್ದೆ. ಸೀಟು ಸಿಕ್ಕಿದರೆ ಓದಲಿ, ಸಿಗದಿದ್ದರೆ ಬರುವ ಬುಧವಾರ ಗಂಡಿನ ಕಡೆಯವರು ಬಂದು ಹೆಣ್ಣು ನೋಡಲಿ, ಎಂದು ದುಗ್ಗಪ್ಪ ಎರಡೂ ಕಡೆ ಮಾತು ಕೊಟ್ಟು ಕೂತಿದ್ದ.

"ಚಾನ್ಸು ಎಷ್ಟು ಮೇಷ್ಟ್ರೇ?" ಎಂದು ಜಲಜ ಕೇಳಿದಾಗಲೆಲ್ಲ ಗಣಿತದ ಮುಕುಂದಯ್ಯನವರು ಬೆರಳು ಮಡಚುತ್ತಿದ್ದರು. ಸೀಟು ಅರವತ್ತು, ಅರ್ಜಿ ಆರುನೂರರ ಮೇಲೆ. ಅದರಲ್ಲಿ ನೂರೆಂಬತ್ತು ಜನಕ್ಕೆ ಇಂಟರ್‌ವ್ಯೂ ಕಾರ್ಡು. ಅಂದರೆ ಕಾರ್ಡು ಬಂದವರಲ್ಲಿ ಮೂವರಿಗೊಬ್ಬರು.

"ಕಾರ್ಡು ಕೈಯಲ್ಲಿ ಇಲ್ಲದಿದ್ರೆ?" ಎಂದು ಈಗ ಕೇಳಿದಳು.

"ಇಲ್ಲದಿದ್ರೆ ಸೊನ್ನೆ. ಕಾರ್ಡು ತೋರಿಸದೆ ಒಳಗೆ ಬಿಡೋದಿಲ್ಲ ಅಂತ ನಮ್ಮದರಲ್ಲಿ ಅಚ್ಚು ಹಾಕಿದ್ದಾರೆ. ಅರ್ಜಿಗೆ ಯಾವ ವಿಳಾಸ ಬರೆದಿದ್ರಿ?"

ವಿಳಾಸ ಬರೆದವಳು ಜಲಜಳೇ. ತನ್ನ ಮೈಸೂರಿನ ಕೈಬರಹದಲ್ಲಿ, ಒಂದು ಚುಕ್ಕೆ ಮಸಿಯೂ ಚೆಲ್ಲದ ಹಾಗೆ. ಸಾಗರದ ಬಾಡಿಗೆ ಮನೆಯ ವಿಳಾಸ ಬರೆಯಲು ಹೊರಟಾಗ ಪಕ್ಕದಲ್ಲಿ ಕೂತಿದ್ದ ದುಗ್ಗಪ್ಪ ತಡೆದಿದ್ದ.

"ಬಾಡಿಗೆ ಮನೆ ಬರೀಬ್ಯಾಡ ಮಗಾ. ಇವತ್ತು ಇಲ್ಲಿ ಇದ್ದೀವಿ, ನಾಳೆ ಮನೆ ಯಜಮಾನ ಏಳಿ ಅಂದ್ರೆ ಏಳಬೇಕು. ನಮ್ಮೂರು ಬರಿ, ಸಂಪೆಕೊಪ್ಪ. ಊರು ಎಲ್ಲಿಗೂ ಹೋಗಲ್ಲ."

ಸಂಪೆಕೊಪ್ಪ ಹೋಗುತ್ತಿದ್ದದ್ದು ನೀರಿನೊಳಕ್ಕೆ. ಆ ವರ್ಷ ಲಿಂಗನಮಕ್ಕಿಯ ಕಟ್ಟೆ ಕೆಲಸ ಮುಗಿಯುತ್ತ ಬಂದಿತ್ತು. ಊರನ್ನು ಖಾಲಿ ಮಾಡಿಸಿ ವರ್ಷ ಕಳೆದಿತ್ತು. ಶಾಲೆಯ ಹೆಂಚು ಇಳಿಸಿದ್ದರು, ಜನ ದಿಕ್ಕಿಗೊಬ್ಬರಾಗಿ ಹೋಗಿದ್ದರು. ಇದೆಲ್ಲ ದುಗ್ಗಪ್ಪನಿಗೆ ಗೊತ್ತಿಲ್ಲದ್ದಲ್ಲ. ಆದರೂ ವಿಳಾಸ ಎಂದರೆ ಅವನ ಬಾಯಿಗೆ ಬರುತ್ತಿದ್ದುದು ಅದೊಂದೇ. ಸೊಸೆಯಾದವಳು ಮಾವನಿಗೆ ಎದುರಾಡುವುದು ಹೇಗೆ ಎಂದು ಜಲಜ ಕಾಯಂ ವಿಳಾಸ, ಟಪಾಲು ವಿಳಾಸ ಎರಡು ಕಡೆಯೂ ಸಂಪೆಕೊಪ್ಪ ಎಂದೇ ಬರೆದು, ಅಂಚೆಗೆ ಹಾಕಿ, ಬೇರೆ ಚಿಂತೆಗಳಿಗೆ ಹೋಗಿದ್ದಳು.

"ಸಂಪೆಕೊಪ್ಪದ ಟಪಾಲು ಎಂತ ಬಂದ್ರೂ ಹುಲಿಯನ ಚೀಲಕ್ಕೇ ಹೋಗ್ತದೆ," ಎಂದ ದುಗ್ಗಪ್ಪ, ಜಗಲಿಯ ಮೂಲೆಯಲ್ಲಿ ಎಲೆಗೆ ಸುಣ್ಣ ಹಚ್ಚುವುದನ್ನು ಅರ್ಧಕ್ಕೇ ನಿಲ್ಲಿಸಿ. "ಹೋದ ಸೋಮವಾರ ಅಲ್ಲ, ಅದರ ಹಿಂದಿನ ಸೋಮವಾರ ಅವನು ಇಲ್ಲೇ ಉಂಡು ಹೋದ. ಎಂತದೂ ಕೊಡಲಿಲ್ಲವಲ್ಲ."

ಹುಲಿಯಪ್ಪನನ್ನು ಅರಿಯದವರು ಸಂಪೆಕೊಪ್ಪದವರಲ್ಲಿ ಇರಲಿಲ್ಲ. ಇಪ್ಪತ್ತೆರಡು ವರ್ಷ ಆ ಊರಿನ ಟಪಾಲು ಹೊತ್ತವನು. ಶಾಲೆಯ ಜಗಲಿಯ ಮೇಲಿದ್ದ ಅಂಚೆ ಪೆಟ್ಟಿಗೆ ಅವನ ಸಂಸಾರ, ಬೇರೆ ಸಂಸಾರ ಅವನಿಗೆ ಇರಲಿಲ್ಲ. ಕಾಗದ ಕೊಟ್ಟು ಹೋಗುವ ಪೈಕಿಯಲ್ಲ. ಓದಿ ಹೇಳಬೇಕು, ಉತ್ತರ ಬರೆದುಕೊಡಬೇಕು, ಬರೆದದ್ದನ್ನು ಮತ್ತೊಮ್ಮೆ ಓದಿ, "ಇಲ್ಲಿ ಸ್ವಲ್ಪ ಬಿರುಸಾಯ್ತು, ತಂಗಿ ಅತ್ತಾಳು" ಎಂದು ತಾನೇ ತಿದ್ದಬೇಕು. ಊರು ಎದ್ದಾಗ ಅವನ ಕೆಲಸವೂ ಎದ್ದಿತು. ಬೇರೆಯವರು ಗದ್ದೆ ಕೇಳಿದರು, ಮನೆ ಕೇಳಿದರು. ಅವನು ಪಕ್ಕದ ಊರಿನ ಅಂಚೆಯಲ್ಲಿದ್ದ ತನ್ನ ಭಾವನ ಹತ್ತಿರ ಹೋಗಿ, ಸಂಪೆಕೊಪ್ಪದ ಹೆಸರಿಗೆ ಬಂದ ಕಾಗದಗಳನ್ನು ತನಗೇ ಕೊಡಬೇಕು ಎಂದು ಕೇಳಿದ. ಯಾವ ಮನೆ ಎಲ್ಲಿಗೆ ಹೋಗಿದೆ ಎಂಬುದು ಸರ್ಕಾರದ ಕಡತಕ್ಕಿಂತ ಅವನ ತಲೆಯಲ್ಲಿ ಸರಿಯಾಗಿತ್ತು. ಅಂದಿನಿಂದ ಸಾಗರ, ಹೊಸನಗರ, ತೀರ್ಥಹಳ್ಳಿ ಎಂದು ಮೂರು ತಾಲ್ಲೂಕು ಸುತ್ತುತ್ತ, ಒಂದೊಂದು ಮನೆಯಲ್ಲಿ ಒಂದೊಂದು ಊಟ ಮಾಡುತ್ತ, ಆರಾಮವಾಗಿ ಬಟವಾಡೆ ಮಾಡಿಕೊಂಡಿದ್ದ.

"ಈಗ ಎಲ್ಲಿರ್ತಾನೆ?" ಎಂದಳು ಜಲಜ.

"ಹೊಸನಗರದಲ್ಲಿರೋ ನಮ್ಮೂರ ಗಿರಿಯಪ್ಪನ ಮನೆಗೆ ಹೋಗ್ತೀನಿ ಅಂದಿದ್ದ. ಅಲ್ಲಿಂದ ತೀರ್ಥಹಳ್ಳಿ."

ಮುಕುಂದಯ್ಯನವರು ಗಡಿಯಾರ ನೋಡಿದರು. "ಹೊಸನಗರದ ಬಸ್ಸು ಹನ್ನೆರಡಕ್ಕೆ. ನಾನು ಕಾಮಾಕ್ಷಿ ನಾಳೆ ಬೆಳಿಗ್ಗೆ ಗಾಡಿಗೆ ಹೊರಡ್ತೀವಿ. ಶುಕ್ರವಾರ ಹನ್ನೊಂದಕ್ಕೆ ಕಾಲೇಜಿನ ಬಾಗಿಲಲ್ಲಿ ನಿಂತಿರ್ತೀನಿ. ಹುಡುಗಿನೂ ತನ್ನಿ, ಕಾರ್ಡೂ ತನ್ನಿ."

ಹೂವಿ ಅಲ್ಲಿಯವರೆಗೆ ಬಾಗಿಲ ಹಿಂದೆ ನಿಂತಿದ್ದಳು. ಈಗ ಬಂದು, "ಅತ್ತಿಗೆ, ನಾನು ಹಸಿರು ಲಂಗ ಹಾಕ್ಕೊಳ್ಲಾ, ನೀಲಿನಾ?" ಎಂದಳು. ಜಗತ್ತು ಮುಳುಗುತ್ತಿರುವಾಗ ಲಂಗದ ಬಣ್ಣ ಕೇಳುವ ಹುಡುಗಿಗೆ ಏನು ಹೇಳುವುದು ಎಂದು ತಿಳಿಯದೆ ಜಲಜ, "ಎರಡೂ ತಗೋ," ಎಂದಳು.

ಹನ್ನೆರಡರ ಬಸ್ಸಿಗೆ ದುಗ್ಗಪ್ಪ, ಜಲಜ, ಹೂವಿ, ಕೂಸು ನಾಲ್ವರೂ ಹೊರಟರು. ಸುಬ್ಬಪ್ಪ ಲಿಂಗನಮಕ್ಕಿಯ ಕ್ಯಾಂಪಿನಲ್ಲಿ ಸ್ಟೋರ್ ಗುಮಾಸ್ತ, ಭಾನುವಾರಕ್ಕಷ್ಟೇ ಮನೆಗೆ ಬರುವವನು. ಅವನಿಗೆ ಒಂದು ಚೀಟಿ ಬರೆದು ಪಕ್ಕದ ಮನೆಯಲ್ಲಿ ಕೊಟ್ಟದ್ದಾಯಿತು. ಜಲಜ ಕುದಿಸಿದ ನೀರನ್ನು ಎರಡು ಸೀಸೆಯಲ್ಲಿ ತುಂಬಿ, ಗ್ರೈಪ್ ವಾಟರ್, ಅಮೃತಾಂಜನ, ಮಗುವಿನ ಆರು ಬಟ್ಟೆ, ಹೂವಿಯ ಮಾರ್ಕ್ಸ್ ಕಾರ್ಡು ಎಲ್ಲ ಒಂದೇ ಚೀಲಕ್ಕೆ ಹಾಕಿದಳು. ಬಸ್ಸು ಆನಂದಪುರದಲ್ಲಿ ನಿಂತಾಗ, ಹೆಣ್ಣು ಕೇಳಿದ ಮನೆಯವರು ಎಲ್ಲಿ ಬಸ್ಸು ಹತ್ತುತ್ತಾರೋ ಎಂದು ಹೆದರಿ ಹೂವಿಯ ತಲೆಯ ಮೇಲೆ ಮಗುವಿನ ಟವೆಲ್ಲು ಹೊದಿಸಿದಳು.

"ಸೆಖೆ ಅತ್ತಿಗೆ."

"ಸುಮ್ನಿರು. ಈಗ ನೀನು ಹೆಣ್ಣಲ್ಲ, ಗಂಟು."

ಹೂವಿ ಟವೆಲ್ಲಿನೊಳಗೇ ಕಿಸಕ್ಕೆಂದು ನಕ್ಕಳು. ಮಗುವೂ ಅದನ್ನು ಆಟ ಎಂದು ತಿಳಿದು ಕೇಕೆ ಹಾಕಿತು. ಜಲಜಳಿಗೆ ಅಳು ಬರುವುದರಲ್ಲಿತ್ತು, ಬಂದದ್ದು ಮಾತ್ರ ನಗು.

ಹೊಸನಗರದಲ್ಲಿ ಇಳಿದಾಗ ಮೂರೂವರೆ. ಗಿರಿಯಪ್ಪನ ಮನೆ ಪೇಟೆಯಿಂದ ಆಚೆ, ಸರ್ಕಾರ ಕೊಟ್ಟ ಹೊಸ ಜಾಗದಲ್ಲಿತ್ತು. ದುಗ್ಗಪ್ಪನನ್ನು ಕಂಡದ್ದೇ ಗಿರಿಯಪ್ಪ ಕತ್ತಿ ಬಿಸುಟು ಓಡಿಬಂದ. ಗಿರಿಯಪ್ಪನ ಹೆಂಡತಿ ಕಾಲಿಗೆ ನೀರು ಕೊಡುವ ಮೊದಲೇ ಒಲೆಯ ಮೇಲೆ ಮೀನು ಸಾರಿಗೆ ಇಟ್ಟಳು.

"ಹುಲಿಯಪ್ಪಣ್ಣ ಎಲ್ಲಿ?" ಎಂದಳು ಜಲಜ.

"ಕೂತ್ಕೊ ಮಾರಾಯ್ತಿ. ಉಂಡು ಮಾತಾಡನ," ಎಂದ ಗಿರಿಯಪ್ಪ.

"ಇದಾರಾ ಇಲ್ವಾ ಅಷ್ಟು ಹೇಳಿ ಅಣ್ಣಾ."

"ಇಲ್ಲ. ಬೆಳಗಾಮುಂಚೆ ತೀರ್ಥಳ್ಳಿ ಬಸ್ಸು ಹತ್ತಿಸಿ ಬಂದೆ. ನಮ್ಮೂರ ಸೀತಾರಾಮಪ್ಪನ ಮನೆಗೆ ಹೋದ." ಆಮೇಲೆ ದುಗ್ಗಪ್ಪನ ಮುಖವನ್ನು ಒಂದು ತರಹ ನೋಡಿ, ದನಿ ತಗ್ಗಿಸಿದ. "ದುಗ್ಗಣ್ಣ, ನಿಂಗೆ ವಿಷಯ ಗೊತ್ತಾಯ್ತನ?"

"ಎಂತ ವಿಷಯ?"

"ನಿನ್ನ ಹೆಸರಿಗೆ ಒಂದು ಸರ್ಕಾರಿ ಕಾರ್ಡು ಬಂದದಂತೆ. ಅಚ್ಚು ಹಾಕಿದ್ದು, ಇಂಗ್ಲೀಷು, ನೇರಳೆ ಸೀಲು. ಹುಲಿಯ ನಿನ್ನೆ ರಾತ್ರಿ ಅನ್ನ ಸೇರದೆ ಕೂತಿದ್ದ. ಹ್ಯಾಂಗೆ ಕೊಡ್ಲಿ ಗಿರಿಯಾ, ಇನ್ನು ದುಗ್ಗಣ್ಣನ ಎಲ್ಲಿಂದ ಎಬ್ಬಿಸ್ತಾರೋ ಅಂತ. ನಿಮ್ಮನೆಗೆ ಬಂದಾಗಲೇ ಅದು ಚೀಲದಲ್ಲಿ ಇತ್ತಂತೆ. ಮಗಳು ಪಾಸಾದ ಪಾಯಸ ಬಡಿಸ್ತಿದ್ರು, ಆವಾಗ ಹ್ಯಾಂಗೆ ಕೊಡೋದು ಅಂದ."

ಸಂಪೆಕೊಪ್ಪದವರಿಗೆ ಮೂರು ವರ್ಷದಿಂದ ಬಂದ ಅಚ್ಚಿನ ಕಾಗದ ಎಂದರೆ ನೋಟೀಸು. ಮನೆ ಬಿಡಿ ಎಂಬ ನೋಟೀಸು, ಮರ ಕಡಿಯಬೇಡಿ ಎಂಬ ನೋಟೀಸು, ಇಂಥ ತಾರೀಕಿನೊಳಗೆ ದನ ಸಾಗಿಸಿ ಎಂಬ ನೋಟೀಸು. ಅವನ್ನೆಲ್ಲ ಒಂದೊಂದಾಗಿ ಮನೆಮನೆಗೆ ಕೊಟ್ಟು, ಓದಿ ಹೇಳಿ, ಎದುರು ಕೂತು ಅವರ ಜೊತೆ ಅತ್ತವನು ಹುಲಿಯಪ್ಪ. ವಿಳಾಸದಲ್ಲಿ ಮನೆ ಯಜಮಾನರ ಹೆಸರು ಗುರುತಿಸುವುದು ಬಿಟ್ಟರೆ ಇಂಗ್ಲಿಷು ಅವನಿಗೆ ಬಾರದು. ನೇರಳೆ ಸೀಲು ಕಂಡರೆ ಸಾಕು, ಅದನ್ನು ಚೀಲದ ತಳಕ್ಕೆ ತಳ್ಳಿ, ಮನೆಯವರು ನಗುತ್ತಿರುವಷ್ಟು ದಿನ ನಗಲಿ ಎಂದು ಮುಂದೂಡುತ್ತಿದ್ದ.

ಜಲಜ ನೆನಪಿಸಿಕೊಂಡಳು. ಆ ಸೋಮವಾರ ಅವಳೇ ಅವನಿಗೆ ಎರಡನೆಯ ಸಲ ಪಾಯಸ ಬಡಿಸಿದ್ದಳು. ಅವನು ಬೇಡ ಬೇಡ ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದದ್ದನ್ನು ಸಂಕೋಚ ಎಂದುಕೊಂಡಿದ್ದಳು. ಹೂವಿಯ ಸೀಟು ಆಗ ಅವನ ಮಂಡಿಯ ಪಕ್ಕದಲ್ಲೇ ಇತ್ತು, ಒಂದು ಮೊಳ ದೂರದಲ್ಲಿ.

ಅಂದು ತೀರ್ಥಹಳ್ಳಿಗೆ ಬೇರೆ ಬಸ್ಸಿರಲಿಲ್ಲ. ಗಿರಿಯಪ್ಪನ ಹೆಂಡತಿಯ ಮೀನು ಸಾರು ತಪ್ಪಲಿಲ್ಲ. ಮಗುವಿಗೆ ಅಜ್ಜಿಯೊಬ್ಬಳು ಬಾವಿಯ ನೀರನ್ನು ಹಾಗೆಯೇ ಕುಡಿಸಿಬಿಟ್ಟಳು. ಜಲಜ ಮಲಗುವವರೆಗೂ ಮಗುವಿನ ಹೊಟ್ಟೆ ಮುಟ್ಟಿ ನೋಡುತ್ತ, ನಡುನಡುವೆ ಹೂವಿಯನ್ನು, "ಪ್ರಿನ್ಸಿಪಾಲರು ಸಿಟ್ ಡೌನ್ ಅಂದ್ರೆ ಏನು ಹೇಳ್ತೀಯ?" ಎಂದು ಕೇಳುತ್ತಿದ್ದಳು.

"ಥ್ಯಾಂಕ್ಯೂ ಮೇಡಂ. ಐದನೇ ಸಲ ಹೇಳಿದೆ ಅತ್ತಿಗೆ. ನೀವೇ ಹೋಗಿ ಕೂತ್ಕೊಂಡ್ರೂ ಆಗ್ತದೆ."

ಗುರುವಾರ ಬೆಳಗಿನ ಬಸ್ಸು ಕೋಣಂದೂರಿನಲ್ಲಿ ಟೈರು ಬಿಚ್ಚಿ ಕೂತಿತು. ಡ್ರೈವರು ಜಾಕು ಹಾಕುವಾಗ ಜಲಜ ಮಗುವನ್ನು ಎತ್ತಿಕೊಂಡು ಅವನ ತಲೆಯ ಮೇಲೇ ನಿಂತಳು. "ನೀವು ಹಿಂಗೆ ನಿಂತ್ರೆ ಗಾಲಿ ಸುತ್ತೋದಿಲ್ಲಮ್ಮ, ನಂಗೇ ತಲೆ ಸುತ್ತೋದು," ಎಂದ ಅವನು. ಅಂತೂ ತೀರ್ಥಹಳ್ಳಿ ತಲುಪಿದಾಗ ಹನ್ನೆರಡು ಕಳೆದಿತ್ತು.

ಬಸ್ಸಿನಿಂದ ಮೊದಲು ಇಳಿದವನು ದುಗ್ಗಪ್ಪ. ಎದುರಿನ ಹೋಟೆಲಿನ ಬೆಂಚಿನ ಮೇಲೆ ಖಾಕಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಟೀ ಊದುತ್ತ ಕೂತಿದ್ದವನು ಹುಲಿಯಪ್ಪನೇ. ಇಬ್ಬರ ಕಣ್ಣೂ ಕೂಡಿದವು. ದುಗ್ಗಣ್ಣನಿಗೆ ಸುದ್ದಿ ತಿಳಿದುಹೋಗಿದೆ, ಸಂಸಾರ ಸಮೇತ ಎಬ್ಬಿಸಿ ಕಳಿಸಿಬಿಟ್ಟಿದ್ದಾರೆ, ಇನ್ನು ಈ ಮುಖ ಹೇಗೆ ತೋರಿಸುವುದು ಎಂದು ಹುಲಿಯಪ್ಪನಿಗೆ ಅನಿಸಿರಬೇಕು. ಟೀ ಲೋಟ ಕೆಳಗಿಟ್ಟ, ಚೀಲ ಹೆಗಲಿಗೇರಿಸಿದ, ತುಂಗೆಯ ಸೇತುವೆಯ ಕಡೆಗೆ ಓಡಿದ.

"ಹುಲಿಯಾ, ನಿಲ್ಲಾ," ಎಂದು ದುಗ್ಗಪ್ಪ ಕೂಗಿದ.

"ನಿಲ್ಲಲ್ಲ ದುಗ್ಗಣ್ಣ. ಎರಡು ದಿನ ಬಿಟ್ಟು ಕೊಡ್ತೀನಿ," ಎಂದು ಹುಲಿಯಪ್ಪ ಓಡುತ್ತಲೇ ಹೇಳಿದ.

ಐವತ್ತೈದರ ಹುಲಿಯಪ್ಪನ ಹಿಂದೆ ಅರವತ್ತರ ದುಗ್ಗಪ್ಪ, ಅವನ ಹಿಂದೆ ಕೂಸನ್ನೂ ಚೀಲವನ್ನೂ ಎರಡು ಸೀಸೆಗಳನ್ನೂ ಹೊತ್ತ ಜಲಜ. ಸೇತುವೆಯ ಮೇಲೆ ಸೈಕಲ್ಲಿನವರು ಇಳಿದು ದಾರಿ ಬಿಟ್ಟರು. ಯಾರೋ, "ಕಳ್ಳನಾ?" ಎಂದರು. "ಅಲ್ಲ, ನೆಂಟ," ಎಂದ ದುಗ್ಗಪ್ಪ ಏದುಸಿರಿನಲ್ಲಿ. ಹಿಂದಿನಿಂದ ಹೂವಿ ಎರಡು ಜಡೆ ಹಾರಿಸಿಕೊಂಡು ಎಲ್ಲರನ್ನೂ ದಾಟಿ ಹೋಗಿ, ಸೇತುವೆಯ ಮಧ್ಯದಲ್ಲಿ ಹುಲಿಯಪ್ಪನ ಚೀಲದ ಪಟ್ಟಿ ಹಿಡಿದಳು.

"ಮಾವ, ಅದು ನನ್ನ ಕಾಲೇಜಿನ ಕಾರ್ಡು."

"ಅಲ್ಲ ಮಗಾ. ನೀ ಸಣ್ಣವಳು, ನಿಂಗೆ ತಿಳಿಯಲ್ಲ. ಅದು ನೋಟೀಸು."

"ತೆಗೀರಿ ನೋಡನ."

"ಇಲ್ಲಿ ಬ್ಯಾಡ. ಊಟ ಆದ ಮೇಲೆ ತೆಗೀತೀನಿ."

ಅಷ್ಟರಲ್ಲಿ ಜಲಜ ಬಂದು ಮಗುವನ್ನು ಹುಲಿಯಪ್ಪನ ಕೈಗೇ ಕೊಟ್ಟುಬಿಟ್ಟಳು. ಕೂಸು ಹಿಡಿದ ಗಂಡಸು ಎಲ್ಲಿಗೆ ಓಡಿಯಾನು? ಅವಳು ಸೇತುವೆಯ ಕಟ್ಟೆಯ ಮೇಲೆ ಅವನ ಚೀಲ ಸುರುವಿದಳು. ಮದುವೆ ಕಾಗದ, ಮನಿಯಾರ್ಡರ್ ಫಾರಂ, ಯಾರದೋ ಜಾತಕ, ಅರ್ಧ ಕಟ್ಟು ಬೀಡಿ. ತಳದಲ್ಲಿ ಬಾಳೆಯ ನಾರಿನಿಂದ ಕಟ್ಟಿದ ಒಂದು ಕಂದು ಕಾರ್ಡು, ಮೈತುಂಬ ಕುಂಕುಮ ಬಳಿದುಕೊಂಡು ಕೂತಿತ್ತು.

"ಇದೇನು ಹುಲಿಯಪ್ಪಣ್ಣ?"

"ಮೂರು ದಿನ ಚೌಡಮ್ಮನ ಗುಡಿಯಲ್ಲಿ ಇಟ್ಟಿದ್ದೆ ತಂಗಿ. ಕೆಟ್ಟದ್ದು ಇದ್ರೆ ತೊಳೆದು ಹೋಗ್ಲಿ ಅಂತ."

ಜಲಜ ಸೆರಗಿನಿಂದ ಕುಂಕುಮ ಒರೆಸಿ ಗಟ್ಟಿಯಾಗಿ ಓದಿದಳು. ಮಿಸ್ ಡಿ. ಹೂವಮ್ಮ, ಕೇರಾಫ್ ದುಗ್ಗಪ್ಪ. ಶುಕ್ರವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಪೋಷಕರೊಂದಿಗೆ ಹಾಜರಾಗತಕ್ಕದ್ದು. ಓದುತ್ತ ಓದುತ್ತ ಕಟ್ಟೆಗೆ ಒರಗಿ ನಿಂತು ನಗಲು ತೊಡಗಿದಳು. ದುಗ್ಗಪ್ಪ ನಕ್ಕ. ಹುಲಿಯಪ್ಪ ಮಾತ್ರ ನಗಲಿಲ್ಲ.

"ಇಷ್ಟು ದಿನ ಇದನ್ನ ನಾ ಹೊತ್ಕೊಂಡು ತಿರುಗಿದ್ನಾ," ಎಂದ. "ಇಪ್ಪತ್ತೆರಡು ವರ್ಷದಲ್ಲಿ ಒಂದು ಕಾಗದ ತಪ್ಪಿಸಿದವನಲ್ಲ ನಾನು. ಈಗ ಈ ಹುಡುಗಿದು ತಪ್ಪಿದ್ರೆ?"

"ತಪ್ಪಲ್ಲ ಮಾವ. ಶಿವಮೊಗ್ಗದ ಬಸ್ಸು ಎಷ್ಟೊತ್ತಿಗೆ?" ಎಂದಳು ಹೂವಿ.

ಎರಡು ಗಂಟೆಗೆ. ಅಷ್ಟರೊಳಗೆ ಸೀತಾರಾಮಪ್ಪನಿಗೆ ಸುದ್ದಿ ಮುಟ್ಟಿ, ಅವನ ಮನೆಯವರು ಬಸ್ ಸ್ಟ್ಯಾಂಡಿಗೇ ಬಂದರು. ನಮ್ಮೂರ ಹುಡುಗಿ ಮೈಸೂರಿಗೆ ಓದಲಿಕ್ಕೆ ಹೊರಟಿದ್ದಾಳೆ, ಹಸಿದು ಹೋಗಬಾರದು ಎಂದು ಹಲಸಿನ ಹಣ್ಣಿನ ಕಡುಬಿನ ಬುಟ್ಟಿಯೊಂದು ಬಸ್ಸಿನ ಕಿಟಕಿಯಿಂದ ಒಳಗೆ ಬಂತು. "ಡೀಸೆಲ್ಲು ಮುಗಿದ್ರೆ ಕಡುಬು ಹಾಕಿ ಓಡಿಸ್ತೀವಿ," ಎಂದ ಕಂಡಕ್ಟರು. ಕೊನೆಯ ಗಳಿಗೆಯಲ್ಲಿ ಹುಲಿಯಪ್ಪನೂ ಹತ್ತಿ ಕೂತ.

"ನೀನು ಎಲ್ಲಿಗಾ?" ಎಂದ ದುಗ್ಗಪ್ಪ.

"ಬಟವಾಡೆ ಮುಗಿಯೋವರೆಗೂ ಟಪಾಲು ನನ್ನ ಜವಾಬ್ದಾರಿ."

ಶಿವಮೊಗ್ಗದಲ್ಲಿ ರೈಲು ಹಿಡಿದು, ಎರಡು ಕಡೆ ಗಾಡಿ ಬದಲಾಯಿಸಿ, ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಅವರು ಮೈಸೂರಿನಲ್ಲಿ ಇಳಿದರು. ಜಲಜಳ ತಾಯಿಯ ಮನೆಯಲ್ಲಿ ಮುಖ ತೊಳೆದು, ಹೂವಿ ನೀಲಿ ಲಂಗ ಉಟ್ಟು, ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಕಾಲೇಜಿನ ಬಾಗಿಲು ಮುಟ್ಟಿದರು. 'ಬಾಗಿಲಲ್ಲಿ ನಿಂತಿರ್ತೀನಿ' ಎಂದಿದ್ದ ಮುಕುಂದಯ್ಯನವರು ಬಾಗಿಲಿನಿಂದ ರಸ್ತೆಗೆ, ರಸ್ತೆಯಿಂದ ಬಾಗಿಲಿಗೆ ಶತಪಥ ಹಾಕುತ್ತಿದ್ದರು.

ಒಳಗೆ ಬಿಡುವ ಗುಮಾಸ್ತ ಕಾರ್ಡನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. "ಇದೇನ್ರೀ, ರಕ್ತನಾ?"

"ಪ್ರಸಾದ ಸ್ವಾಮಿ," ಎಂದ ಹುಲಿಯಪ್ಪ. ಗುಮಾಸ್ತ ಕೈ ಕಣ್ಣಿಗೊತ್ತಿಕೊಂಡು ನಂಬರು ಬರೆದುಕೊಂಡ.

ಹೊರಗಿನ ಬೆಂಚುಗಳ ಮೇಲೆ ನೂರು ಜನ ತಾಯಂದಿರು. ಒಬ್ಬರ ಮಗಳು ಕಾನ್ವೆಂಟು, ಇನ್ನೊಬ್ಬರ ಮಗಳು ಬೆಂಗಳೂರು, ಮತ್ತೊಬ್ಬರ ಮಗಳಿಗೆ ವೀಣೆ ಬರುತ್ತದೆ. ಜಲಜ ಅವರ ಮಾತು ಕೇಳಿದಷ್ಟೂ ಮೂವರಿಗೊಬ್ಬರು ಎಂಬ ಮೇಷ್ಟ್ರ ಲೆಕ್ಕ ಅವಳ ಮನಸ್ಸಿನಲ್ಲಿ ಹತ್ತಕ್ಕೊಬ್ಬರು, ಇಪ್ಪತ್ತಕ್ಕೊಬ್ಬರು ಎಂದು ಇಳಿಯುತ್ತ ಹೋಯಿತು. ಹೂವಿಗೆ ವೀಣೆ ಬಾರದು. ಹೂವಿಗೆ ಭತ್ತ ಕುಟ್ಟಲು ಬರುತ್ತದೆ, ದೋಣಿ ನಡೆಸಲು ಬರುತ್ತದೆ. ಅದನ್ನೆಲ್ಲ ಯಾರು ಕೇಳುತ್ತಾರೆ?

ಹೂವಿಯನ್ನು ಕರೆದಾಗ ಒಂದೂವರೆ. ಬಾಗಿಲು ಪೂರ್ತಿ ಹಾಕಿರಲಿಲ್ಲ. ಜಲಜ ಮಗುವಿಗೆ ಗಾಳಿ ಬೇಕು ಎನ್ನುವ ನೆಪದಲ್ಲಿ ಆ ಸಂದಿಯ ಪಕ್ಕಕ್ಕೆ ಹೋಗಿ ನಿಂತಳು. ಒಳಗೆ ಪ್ರಿನ್ಸಿಪಾಲರು ಇಂಗ್ಲಿಷಿನಲ್ಲಿ ಏನೋ ಕೇಳಿದರು. ಹೂವಿ ಒಂದು ವಾಕ್ಯ ಹೇಳಿದಳು, ಎರಡನೆಯದರ ಅರ್ಧಕ್ಕೆ ನಿಂತುಹೋದಳು. ಜಲಜ ಕಣ್ಣು ಮುಚ್ಚಿದಳು. ಆನಂದಪುರದ ಗದ್ದೆ ಅವಳ ಕಣ್ಣ ಮುಂದೆ ಹಸಿರಾಗಿ ಬಂತು.

"ಸರಿ, ಕನ್ನಡದಲ್ಲೇ ಹೇಳು," ಎಂದಿತು ಒಳಗಿನ ದನಿ. "ಸೈನ್ಸೇ ಯಾಕೆ ಬೇಕು?"

"ನಮ್ಮೂರಿನ ಹುಣಸೆ ಮರಕ್ಕೆ ಎಂಜಿನಿಯರುಗಳು ಬಿಳಿ ಬಣ್ಣದಲ್ಲಿ ಒಂದು ಗೀಟು ಎಳೆದು, ನೀರು ಇಲ್ಲಿ ತನಕ ಬರ್ತದೆ ಅಂತ ಹೇಳಿ ಹೋದ್ರು ಮೇಡಂ. ಆವಾಗ ಹೊಳೆ ಅರ್ಧ ಮೈಲಿ ಕೆಳಗಿತ್ತು. ಇನ್ನೂ ಬರದೆ ಇರೋ ನೀರು ಎಲ್ಲಿಗೆ ಬಂದು ನಿಲ್ತದೆ ಅಂತ ಅವರಿಗೆ ಹ್ಯಾಂಗೆ ಗೊತ್ತಾಯ್ತು? ಅದು ನಂಗೆ ಗೊತ್ತಾಗ್ಬೇಕು."

ಒಳಗೆ ಯಾರೋ ಕುರ್ಚಿ ಮುಂದಕ್ಕೆ ಎಳೆದುಕೊಂಡ ಸದ್ದಾಯಿತು.

"ಗೊತ್ತಾದ ಮೇಲೆ ಏನು ಮಾಡ್ತೀಯ?"

"ಅವರು ಎಳೆದ ಗೀಟು ಸರಿ ಇದೆಯಾ ಅಂತ ನೋಡ್ತೀನಿ."

ಒಳಗೆ ಮೂರು ನಾಲ್ಕು ದನಿ ಒಟ್ಟಿಗೆ ನಕ್ಕವು. ಆ ನಗು ಎಂಥದ್ದು, ಮೆಚ್ಚಿದ್ದೋ ಹಾಸ್ಯ ಮಾಡಿದ್ದೋ ಎಂದು ಜಲಜ ಸಂಜೆ ನಾಲ್ಕರವರೆಗೂ ಯೋಚಿಸಿದಳು. ಮುಕುಂದಯ್ಯನವರನ್ನು ಕೇಳಿದಳು. ಅವರು, "ನಗುವಿಗೆ ಲೆಕ್ಕ ಇಲ್ಲಮ್ಮ," ಎಂದರು. ಹುಲಿಯಪ್ಪ ಕಡುಬಿನ ಬುಟ್ಟಿ ಬಿಚ್ಚಿ, ಕಾನ್ವೆಂಟಿನ ತಾಯಿಗೂ ವೀಣೆಯ ತಾಯಿಗೂ ಒಂದೊಂದು ಹಂಚಿಕೊಂಡು ಬಂದ. ದುಗ್ಗಪ್ಪ ಕಂಬಕ್ಕೆ ಒರಗಿ ಕೂತು, ಒಳಗೆ ಹೋಗಿ ಬರುತ್ತಿದ್ದ ಹುಡುಗಿಯರನ್ನೇ ನೋಡುತ್ತಿದ್ದ.

"ಇಷ್ಟು ಹೆಣ್ಣುಮಕ್ಕಳು ಓದ್ತಾರಾ ಜಲಜಾ?" ಎಂದು ಒಮ್ಮೆ ಕೇಳಿದ.

"ಹ್ಞೂಂ ಮಾವ."

"ಇವರ ಅಪ್ಪಂದಿರೆಲ್ಲ ಎಂತ ಅಂತಾರೆ?"

"ಫೀಸು ಕಟ್ತಾರೆ," ಎಂದಳು ಜಲಜ. ಮಾವನಿಗೆ ಹಾಗೆ ಎದುರು ಹೇಳಿದ್ದು ಅದೇ ಮೊದಲು. ದುಗ್ಗಪ್ಪ ಸಿಟ್ಟಾಗಲಿಲ್ಲ, ತಲೆ ಅಲ್ಲಾಡಿಸಿದ.

ನಾಲ್ಕು ಗಂಟೆಗೆ ಗುಮಾಸ್ತ ಬೋರ್ಡಿಗೆ ಪಟ್ಟಿ ಅಂಟಿಸಿದ. ನೂಕುನುಗ್ಗಲಿನಲ್ಲಿ ಜಲಜ ಮಗುವನ್ನು ತಲೆಯ ಮೇಲೆ ಎತ್ತಿ ಹಿಡಿದು ಮುಂದೆ ಹೋದಳು. ಅವಳು ಯಾವ ಪಟ್ಟಿಯನ್ನಾದರೂ ಓದುವುದು ಕೆಳಗಿನಿಂದಲೇ. ಮೇಲಿನಿಂದ ಓದಿದರೆ ಆಸೆ ಹೆಚ್ಚುತ್ತದೆ, ಆಸೆ ಹೆಚ್ಚಿದರೆ ಬಿದ್ದಾಗ ಪೆಟ್ಟೂ ಹೆಚ್ಚು ಎಂಬುದು ಅವಳ ಲೆಕ್ಕ. ಅರವತ್ತು, ಯಾರೋ. ಐವತ್ತೊಂಬತ್ತು, ಯಾರೋ. ಐವತ್ತೆರಡರಲ್ಲಿ ಕಾಮಾಕ್ಷಿ. ಹಿಂದಿನಿಂದ ಮುಕುಂದಯ್ಯನವರು, "ಹಾಂ," ಎಂದು ಒಂದೇ ಅಕ್ಷರ ಹೇಳಿ ಕನ್ನಡಕ ತೆಗೆದರು. ನಲವತ್ತು, ಇಲ್ಲ. ಮೂವತ್ತು, ಇಲ್ಲ. ಇಪ್ಪತ್ತು, ಇಲ್ಲ. ಹದಿನೈದಕ್ಕೆ ಬಂದಾಗ ಅವಳು ಓದುತ್ತಿದ್ದದ್ದು ಬರೀ ಮುಗಿಸಬೇಕಲ್ಲ ಎಂದು. ಆನಂದಪುರದವರು ಬರುವ ದಿನ ಉಪ್ಪಿಟ್ಟಿಗೆ ರವೆ ಇದೆಯೇ ಎಂದು ಮನಸ್ಸು ಆಗಲೇ ಡಬ್ಬಿ ತೆರೆಯುತ್ತಿತ್ತು.

"ಒಂಬತ್ತು," ಎಂದಿತು ಅವಳ ಭುಜದ ಹಿಂದಿನಿಂದ ಹೂವಿಯ ದನಿ.

"ಏನು ಒಂಬತ್ತು?"

"ನಾನು ಅತ್ತಿಗೆ. ಮೇಲಿನಿಂದ ಓದಿದೆ."

ಜಲಜ ಒಂಬತ್ತನೆಯ ಸಾಲನ್ನು ನೋಡಿದಳು. ಡಿ. ಹೂವಮ್ಮ, ಸಾಗರ ತಾಲ್ಲೂಕು. ಬೆರಳಿಟ್ಟು ನೋಡಿದಳು. ಮಗುವಿನ ಬೆರಳನ್ನೂ ಇಟ್ಟು ನೋಡಿದಳು. ಆಮೇಲೆ ಆ ಜನಜಂಗುಳಿಯ ನಡುವೆ, ಮೈಸೂರಿನ ಶಾಲೆಯಲ್ಲಿ ಕಲಿತ ನಯ ನಾಜೂಕನ್ನೆಲ್ಲ ಮರೆತು, ಹೂವಿಯ ಎರಡೂ ಜಡೆ ಹಿಡಿದು ಎಳೆದು ನಗತೊಡಗಿದಳು. ನಗು ನಿಲ್ಲಿಸಬೇಕು ಎಂದು ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲಲಿಲ್ಲ. ಕಾನ್ವೆಂಟಿನ ತಾಯಿ ಗಾಬರಿಯಾಗಿ ಅವಳ ಬೆನ್ನು ಸವರಿದರು.

"ಎಂತ ಆಯ್ತು? ಯಾರಾದ್ರೂ ಹೇಳಿ," ಎಂದು ದುಗ್ಗಪ್ಪ ಗುಂಪಿನ ಆಚೆಯಿಂದ ಕೇಳುತ್ತಿದ್ದ.

"ಒಂಬತ್ತನೇದು ದುಗ್ಗಣ್ಣ. ಆರುನೂರರಲ್ಲಿ ಒಂಬತ್ತನೇದು," ಎಂದ ಹುಲಿಯಪ್ಪ. ಅವನ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ, ಎರಡೂ ಕೈಯಲ್ಲಿ ಕಡುಬು.

ದುಗ್ಗಪ್ಪ ಅಂಗಿಯ ಗುಂಡಿ ಸರಿಮಾಡಿಕೊಂಡ. "ಹಂಗಾದ್ರೆ ಆನಂದಪುರದವರಿಗೆ ನಾನೇ ಹೋಗಿ ಹೇಳಿ ಬರ್ತೀನಿ," ಎಂದ. "ಹುಡುಗಿ ಓದ್ತಾಳೆ, ನೀವು ಬೇರೆ ಕಡೆ ನೋಡ್ಕೊಳ್ಳಿ ಅಂತ. ಬ್ಯಾಜಾರಾದ್ರೆ ಆಗ್ಲಿ."

ಜಲಜಳಿಗೆ ಆಗ ಹಾಸ್ಟೆಲಿನ ಯೋಚನೆ ಹತ್ತಿತು. ಸೊಳ್ಳೆ ಪರದೆ ಬೇಕು, ಟ್ರಂಕಿಗೆ ಬೀಗ ಬೇಕು, ಇಲ್ಲಿಯ ನೀರನ್ನು ಕುದಿಸುತ್ತಾರೋ ಇಲ್ಲವೋ ಕೇಳಬೇಕು, ಬಾವಿಗೆ ಕಟ್ಟೆ ಇದೆಯೇ ನೋಡಬೇಕು. ಇದನ್ನೆಲ್ಲ ಹೇಳಲು ಅವಳು ಹೂವಿಯ ಕಡೆಗೆ ತಿರುಗಿದಳು. ಹೂವಿ ಅಲ್ಲಿರಲಿಲ್ಲ. ಆಫೀಸಿನ ಕಿಟಕಿಯ ಮುಂದೆ ಸೇರುವವರ ಸಾಲು ಶುರುವಾಗಿತ್ತು. ನೀಲಿ ಲಂಗದವಳು ಅದರಲ್ಲಿ ಮೂರನೆಯವಳಾಗಿ ನಿಂತು, ಮುಂದಿನ ಹುಡುಗಿಯ ಹತ್ತಿರ ಪೆನ್ನು ಕೇಳುತ್ತಿದ್ದಳು.